ಕಾರಣ ಕೇಳದೆ ಗಾಯ ತೊಳೆದವರು: ದಕ್ಷಿಣ ಕೊಡಗಿನ ಒಂದು ಮನೆ ಶುಶ್ರೂಷಾ ಸೇವೆ

ಗೋಣಿಕೊಪ್ಪಲಿನ ಸುತ್ತಮುತ್ತಲಿನ ಮನೆಗಳಿಗೆ ಬಂದು ಗಾಯಗಳಿಗೆ ಡ್ರೆಸ್ಸಿಂಗ್ ಮಾಡಿಕೊಡುವ ಸೇವೆಯೊಂದನ್ನು ನಾವು ಕಳೆದ ಮಳೆಗಾಲದಲ್ಲಿ ಎಂಟು ವಾರ ಬಳಸಿದೆವು. ಇಬ್ಬರು ಅನುಭವಿ ನರ್ಸ್‌ಗಳು, ಕೆಲಸ ಕಲಿಯುತ್ತಿರುವ ಒಬ್ಬ ಹುಡುಗಿ, ಒಂದು ಹಳೆಯ ವ್ಯಾನ್, ಅದನ್ನು ಓಡಿಸುವ ಒಬ್ಬರು, ಇಷ್ಟೇ ಅವರ ಬಳಗ. ಸೇವೆಯ ಹೆಸರನ್ನು ನಾನು ಬರೆಯುತ್ತಿಲ್ಲ. ನಮ್ಮದು ಚಿಕ್ಕ ಜಿಲ್ಲೆ, ಹೆಸರು ಹೇಳಿದರೆ ಆ ವ್ಯಾನ್ ಯಾರ ಮನೆಯ ಗೇಟಿನ ಮುಂದೆ ನಿಂತಿತ್ತು ಎಂಬುದು ಮುಂದಿನ ಸಂತೆಯ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತದೆ. ಚಿಕಿತ್ಸೆ ಪಡೆದವನು ನನ್ನ ತಮ್ಮನ ಮಗ. ಅವನ ಎಡಗೈಯ ಗಾಯ ಅವನೇ ಮಾಡಿಕೊಂಡದ್ದು. ಹೀಗೆ ಬರೆಯಲು ಅವನ ಒಪ್ಪಿಗೆ ಇದೆ. ಬರೆದದ್ದನ್ನು ಅವನು ಓದಿದ್ದಾನೆ, ಎರಡು ಸಾಲುಗಳನ್ನು ತೆಗೆಸಿದ್ದಾನೆ.

ನಾನು 34 ವರ್ಷ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ನರ್ಸ್ ಆಗಿ ದುಡಿದು, ಕೊನೆಯ ಕೆಲವು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳಿ ನಿವೃತ್ತಳಾದವಳು. ಡ್ರೆಸ್ಸಿಂಗ್ ನನಗೇ ಬರುತ್ತದೆ. ಆದರೂ ಹೊರಗಿನವರನ್ನು ಕರೆಸಿದ್ದಕ್ಕೆ ಕಾರಣವಿದೆ. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದ ದಿನ ನಾನು ಪಟ್ಟಿ ಬಿಚ್ಚಲು ಕುಳಿತಾಗ ಅವನು ಗಾಯವನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಮುಖದಲ್ಲಿ ಏನು ಕಾಣುತ್ತದೆ ಎಂಬ ಭಯ ಅವನಿಗೆ ನೋವಿಗಿಂತ ದೊಡ್ಡದಾಗಿತ್ತು. ಮನೆಯವರ ಕೈ ಎಷ್ಟೇ ಹಗುರವಾಗಿದ್ದರೂ ಇಂಥ ಗಾಯದ ಮೇಲೆ ಭಾರವಾಗುತ್ತದೆ ಎಂದು ಆಗ ಅರ್ಥವಾಯಿತು. ಅಂದೇ ಸಂಜೆ ಈ ಸೇವೆಗೆ ಫೋನ್ ಮಾಡಿದೆ.

ಮೊದಲ ಭೇಟಿಯ ದಿನ ಮಳೆ ಬಿಡದೆ ಹೊಯ್ಯುತ್ತಿತ್ತು, ಹಿಂದಿನ ರಾತ್ರಿಯಿಂದ ಕರೆಂಟ್ ಇರಲಿಲ್ಲ. ಹಿರಿಯ ಸಿಸ್ಟರ್ ರೇನ್‌ಕೋಟನ್ನು ಜಗುಲಿಯಲ್ಲೇ ಬಿಟ್ಟು ಒಳಗೆ ಬಂದವರು ಮೊದಲು ಕೇಳಿದ್ದು ಬಿಸಿನೀರನ್ನು. ಅದು ಕೈ ತೊಳೆಯಲು ಎಂದುಕೊಂಡೆ. ಅವರು ಆ ನೀರನ್ನು ಪಾತ್ರೆಗೆ ಹಾಕಿ, ಸಲೈನ್ ಬಾಟಲಿಯನ್ನು ಅದರಲ್ಲಿ ಇಟ್ಟು, ಕೈಗೆ ತಣ್ಣಗೆ ತಾಗದಷ್ಟು ಬೆಚ್ಚಗಾಗುವವರೆಗೆ ಕಾದರು. ಆಮೇಲೆ ಹುಡುಗನ ಎದುರು ಕುಳಿತು, "ಪಟ್ಟಿಯನ್ನು ನಾನು ಬಿಚ್ಚಲಾ, ನೀವೇ ಬಿಚ್ಚುತ್ತೀರಾ?" ಎಂದು ಕೇಳಿದರು. ಅವನು ತಾನೇ ಬಿಚ್ಚುತ್ತೇನೆಂದ. ಕೊನೆಯ ಸುತ್ತು ಬಿಚ್ಚಿದ ಮೇಲೆ ಗಾಯಕ್ಕೆ ಅಂಟಿದ್ದ ಗಾಜ್ ಎಂಬ ತೆಳು ಜಾಲಿಬಟ್ಟೆ ಉಳಿಯಿತು. ಸಿಸ್ಟರ್ ಅದನ್ನು ಎಳೆಯಲಿಲ್ಲ. ಬೆಚ್ಚಗಿನ ಸಲೈನನ್ನು ಸಿರಿಂಜಿನಿಂದ ಅಂಚಿನ ಉದ್ದಕ್ಕೂ ಹನಿಸುತ್ತಾ, ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು, ಅದು ತಾನಾಗಿ ಬಿಡುವ ತನಕ ಕುಳಿತರು. ಆ ಹತ್ತು ನಿಮಿಷದಲ್ಲಿ ಅವರು ಆಡಿದ ಮಾತೆಲ್ಲ ಗದ್ದೆ ನಾಟಿಯದು, ರಸ್ತೆಗೆ ಬಿದ್ದ ಮರದ್ದು.

ಗಾಜ್ ತಾನಾಗಿ ಬಿಡಲಿ ಎಂದು ಕಾಯುವುದು ಚಿಕ್ಕ ಸಂಗತಿಯಂತೆ ಕಂಡರೂ ಅದರ ಹಿಂದೆ ಬಹಳ ಜನರ ನೋವು ಇದೆ. ಒಣ ಗಾಜ್ ಬಟ್ಟೆಯನ್ನು ಗಾಯದ ಮೇಲಿಟ್ಟು, ಒಣಗಿಸಿ, ಮರುದಿನ ಕಿತ್ತು ತೆಗೆಯುವುದೇ ಬಹುಕಾಲದ ಪದ್ಧತಿಯಾಗಿತ್ತು. ಕಿತ್ತಾಗ ಹೊಸದಾಗಿ ಹುಟ್ಟಿದ ಚರ್ಮವೂ ಅದರ ಜೊತೆ ಬರುತ್ತಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ, ಚಲನಚಿತ್ರ ಯಂತ್ರದಿಂದ ಹೆಸರಾದ ಲೂಮಿಯೇರ್ ಸಹೋದರರಲ್ಲಿ ಹಿರಿಯರಾದ ಆಗಸ್ಟ್ ಲೂಮಿಯೇರ್ ಅವರು ಫ್ರಾನ್ಸಿನ ಲಿಯಾನ್ ನಗರದಲ್ಲಿ ಮೇಣದಂಥ ಜಿಡ್ಡು ಹಚ್ಚಿದ, ಗಾಯಕ್ಕೆ ಅಂಟದ ಜಾಲಿಬಟ್ಟೆಯನ್ನು ರೂಪಿಸಿದರು. ಇಂದು ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಪ್ಯಾರಾಫಿನ್ ಗಾಜ್ ಅದರದೇ ಸಂತತಿ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲಿನ ಸಣ್ಣ ಗಾಯಗಳನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವಾಗಿ ಇಟ್ಟಾಗ, ಗಾಳಿಗೆ ಬಿಟ್ಟು ಒಣಗಿಸಿದ ಗಾಯಗಳಿಗಿಂತ ಅವುಗಳ ಮೇಲೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹರಡುವುದನ್ನು ತೋರಿಸಿದರು. ಗಾಯವನ್ನು ಗಾಳಿಗೆ ಬಿಡಬೇಕು, ಒಣಗಬೇಕು ಎಂದು ಇಂದಿಗೂ ಹೇಳುವವರು ನಮ್ಮ ಕಡೆ ಬಹಳ ಇದ್ದಾರೆ. ಈ ಸೇವೆಯವರು ಅದನ್ನು ಮಾಡದೆ, ಹೊಲಿಗೆಯ ಒಂದು ಮೂಲೆಯಲ್ಲಿ ಚರ್ಮ ಕೂಡದೆ ಉಳಿದಿದ್ದ ಹಸಿ ಜಾಗವನ್ನು ಐದು ವಾರ ಹದವಾದ ತೇವದಲ್ಲಿ ಕಾಪಾಡಿದರು. ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆ ಒಣಗದ ಮನೆಯಲ್ಲಿ, ಹೊರಗಿನ ತೇವ ಪಟ್ಟಿಯೊಳಗೆ ಇಳಿಯದಂತೆ ನೋಡಿಕೊಂಡು ಒಳಗಿನ ತೇವವನ್ನು ಉಳಿಸುವುದು ಸುಲಭವಲ್ಲ. ಒಮ್ಮೆಯೂ ಕೀವು ಆಗಲಿಲ್ಲ ಎಂಬುದು ಅವರ ಕೈಗುಣಕ್ಕೆ ಸಾಕ್ಷಿ.

ನಮ್ಮ ಅಮ್ಮ ಎರಡನೆಯ ಭೇಟಿಯಲ್ಲೇ ಜೇನಿನ ಬಾಟಲಿ ತಂದು ಮುಂದಿಟ್ಟರು. ಕೊಡಗಿನ ಮನೆಯಲ್ಲಿ ಸುಟ್ಟದ್ದಕ್ಕೂ ಕೊಯ್ದದ್ದಕ್ಕೂ ಜೇನು ನೆನಪಾಗುವುದು ಸಹಜ, ಅದರಲ್ಲಿ ಅಜ್ಞಾನವೇನೂ ಇಲ್ಲ. ಹೊಲಿದ ಗಾಯಕ್ಕೆ ಜೇನು ತುಪ್ಪಗಳನ್ನು ಬಳಸುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಹೊಲಿಯಲು ಮೂರು ಬಗೆಯ ಸೂಜಿಗಳನ್ನು ಹೇಳುವ ಆ ಗ್ರಂಥ, ಹೊಲಿಗೆ ಅಂಚಿನಿಂದ ತೀರ ದೂರವಾದರೆ ನೋವಾಗುತ್ತದೆ, ತೀರ ಹತ್ತಿರವಾದರೆ ಅಂಚು ಹರಿಯುತ್ತದೆ ಎಂದು ಎಚ್ಚರಿಸುತ್ತದೆ. ನಾನು ಇದೇ ಮಾತನ್ನು ಪಾಠದಲ್ಲಿ ಹೇಳುತ್ತಿದ್ದೆ. ಸಿಸ್ಟರ್ ಅಮ್ಮನಿಗೆ, "ಅಜ್ಜಿ, ಗಾಯಕ್ಕೆ ಹಾಕುವ ಜೇನು ಬೇರೆ ಇದೆ, ಅದನ್ನು ಗಾಮಾ ಕಿರಣದಲ್ಲಿ ಶುದ್ಧ ಮಾಡಿರುತ್ತಾರೆ, ಇದು ಇವರಿಗೆ ಹೊಟ್ಟೆಗೆ ಕೊಡಿ" ಎಂದರು. ಅಮ್ಮನಿಗೆ ಬೇಸರವಾಗಲಿಲ್ಲ. ಆ ತಿಂಗಳ ಹದಿನೆಂಟನೆಯ ದಿನವಾದ ಕಕ್ಕಡ ಪದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡಿದಾಗ ಮೊದಲ ಬಟ್ಟಲು ಸಿಸ್ಟರಿಗೇ ಹೋಯಿತು.

ಗಾಯಕ್ಕಿಂತ ನನಗೆ ಹೆಚ್ಚು ಚಿಂತೆಯಿದ್ದದ್ದು ಮೈಸೂರಿನಲ್ಲಿ ಹೊಲಿದಿದ್ದ ಟೆಂಡನ್ನಿನದು. ಸ್ನಾಯುವನ್ನು ಎಲುಬಿಗೆ ಕಟ್ಟುವ ಈ ಬಿಳಿ ಹುರಿ ತುಂಡಾದರೆ ಬೆರಳು ಮಡಿಸಲು ಬರುವುದಿಲ್ಲ. ಎರಡನೆಯ ಶತಮಾನದಲ್ಲಿ ಪರ್ಗಮಮ್ ನಗರದಲ್ಲಿ ಗ್ಲಾಡಿಯೇಟರ್ ಎಂಬ ಕತ್ತಿಕಾಳಗದ ಯೋಧರ ಗಾಯಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಗೇಲನ್, ಟೆಂಡನ್ನಿನೊಳಗೆ ನರದ ಅಂಶವಿದೆ ಎಂದು ನಂಬಿ, ಅದಕ್ಕೆ ಸೂಜಿ ಹಾಕಿದರೆ ಸೆಳೆತ ಬರುತ್ತದೆಂದು ಎಚ್ಚರಿಸಿದ್ದರು. ಟೆಂಡನ್ ಹೊಲಿಯಬಹುದೆಂದು ಹನ್ನೊಂದನೆಯ ಶತಮಾನದ ಇಬ್ನ್ ಸೀನಾ ಅವರಂಥವರು ಹೇಳಿದರೂ ಯುರೋಪಿನ ವೈದ್ಯರು ಬಹುಕಾಲ ಗೇಲನ್ ಮಾತಿಗೇ ಹೆದರಿದರು. 1752ರಲ್ಲಿ ಆಲ್ಬ್ರೆಕ್ಟ್ ಫಾನ್ ಹಾಲರ್ ಪ್ರಯೋಗಗಳಿಂದ ಟೆಂಡನ್ನಿಗೆ ನರದಂತೆ ನೋವಿನ ಅರಿವಿಲ್ಲ ಎಂದು ತೋರಿಸಿದ ಮೇಲೆ ಆ ಭಯದ ಬುಡ ಸಡಿಲವಾಯಿತು. ಅಷ್ಟು ಶತಮಾನಗಳಲ್ಲಿ ಮೇಲಿನ ಚರ್ಮ ಮಾತ್ರ ಕೂಡಿ, ಬೆರಳುಗಳು ಸೆಟೆದುಕೊಂಡು ಬದುಕಿದವರು ಎಷ್ಟು ಮಂದಿಯೋ. ತಾವೇ ಗಾಯ ಮಾಡಿಕೊಂಡು ಬದುಕುಳಿದವರಿಗಂತೂ ಆ ಸೆಟೆದ ಕೈ ಜೀವಮಾನದ ಗುರುತಾಗಿ ಉಳಿದಿರಬೇಕು.

ಹೊಲಿದರೆ ಮುಗಿಯಲಿಲ್ಲ ಎಂಬುದು ತಿಳಿದದ್ದು ಇನ್ನೂ ಇತ್ತೀಚೆಗೆ. ಹೊಲಿದ ಟೆಂಡನ್ನನ್ನು ಅಲುಗಾಡಿಸದೆ ಬಿಟ್ಟರೆ ಅದು ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ಬೇಗ ಬಲ ಹಾಕಿದರೆ ಹೊಲಿಗೆ ಬಿಡುತ್ತದೆ. 1960ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಸಂಗಡಿಗರು, ಕೂಡಲೇ ಹೊಲಿದು, ಸ್ಪ್ಲಿಂಟ್ ಎಂಬ ಆಧಾರಪಟ್ಟಿಯ ಕಾವಲಿನಲ್ಲಿ ಬೆರಳುಗಳನ್ನು ಬೇಗನೆ ಹದವಾಗಿ ಚಲಿಸಿದರೆ ಒಳ್ಳೆಯ ಫಲ ಸಿಗುತ್ತದೆ ಎಂದು ತೋರಿಸಿದರು. ನಮ್ಮ ಹತ್ತಿರದ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಗಳಿಗೆ ಟೆಂಡನ್ ಬದಲಿಸಿ ಜೋಡಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾ, ಆಮೇಲಿನ ವ್ಯಾಯಾಮಕ್ಕೂ ಕತ್ತರಿಯಷ್ಟೇ ಬೆಲೆ ಕೊಟ್ಟರು. ಊರು ದೂರ ಮಾಡಿದ್ದ ಕೈಗಳನ್ನು ಅವರು ದುಡಿಯುವ ಕೈಗಳನ್ನಾಗಿ ಮಾಡಿದರು. ಕೈಯೊಂದಿಗೆ ಮನುಷ್ಯನನ್ನೂ ಮರಳಿ ಸೇರಿಸಿಕೊಳ್ಳಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಕೊಡುತ್ತಿದ್ದ ಉದಾಹರಣೆ ಅವರದೇ.

ಈ ವಿಷಯದಲ್ಲಿ ಸೇವೆಯ ಬಗ್ಗೆ ಅರ್ಧ ಮೆಚ್ಚುಗೆ, ಅರ್ಧ ಆಕ್ಷೇಪ ಇದೆ. ಆರು ವಾರ ಸ್ಪ್ಲಿಂಟ್ ತೆಗೆಯಬಾರದು ಎಂಬುದನ್ನು ಅವರು ಕಟ್ಟುನಿಟ್ಟಾಗಿ ಪಾಲಿಸಿದರು. ಡ್ರೆಸ್ಸಿಂಗ್ ಮಾಡುವಾಗಲೂ ಮಣಿಕಟ್ಟು ಹಿಂದಕ್ಕೆ ಬಾಗದಂತೆ ಕೆಳಗೆ ಮಡಿಸಿದ ಟವೆಲ್ ಇಡುತ್ತಿದ್ದರು. ಬಲಗೈಯಿಂದ ಎಡಗೈಯ ಒಂದೊಂದೇ ಬೆರಳನ್ನು ಅಂಗೈಗೆ ಮಡಿಸುವ ವ್ಯಾಯಾಮವನ್ನು ಪ್ರತಿ ಭೇಟಿಯಲ್ಲೂ ಎದುರು ಕುಳಿತು ಮಾಡಿಸಿದರು. ಆದರೆ ಅವರ ಬಳಿ ಕೈಯ ಫಿಸಿಯೋಥೆರಪಿ ಬಲ್ಲವರು ಯಾರೂ ಇಲ್ಲ, ಕೊಟ್ಟ ವ್ಯಾಯಾಮದ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಕನ್ನಡಕ್ಕೆ ಬರೆದುಕೊಂಡೆ. ತೋಟದ ಕೂಲಿಯವರ ಲೈನ್‌ಮನೆಯ ಕುಟುಂಬಕ್ಕೆ ಅದೇ ಹಾಳೆ ಸಿಕ್ಕಿದ್ದರೆ ಅದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಬೆರಳು ಸೆಟೆದುಕೊಳ್ಳುತ್ತಿತ್ತು. ಕನ್ನಡದ ಹಾಳೆಯ ಪ್ರತಿಗಳನ್ನು ಅವರಿಗೆ ಕೊಟ್ಟಿದ್ದೇನೆ, ಬಳಸುತ್ತೇವೆ ಎಂದಿದ್ದಾರೆ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1980ರ ದಶಕದಲ್ಲಿ, ಹೊರಜಿಲ್ಲೆಯ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ತಾನೇ ಗಾಯ ಮಾಡಿಕೊಂಡಿದ್ದ ಒಬ್ಬ ಹೆಂಗಸಿಗೆ ಹೊಲಿಗೆ ಹಾಕುವಾಗ, ಮರಗಟ್ಟಿಸುವ ಇಂಜೆಕ್ಷನ್ ಬೇಡ, ನೋವಾದರೆ ಬುದ್ಧಿ ಬರುತ್ತದೆ ಎಂದು ಹೊಲಿಯುವವರು ಹೇಳಿದರು. ನಾನು ಆ ಹೆಂಗಸಿನ ಕೈ ಹಿಡಿದುಕೊಂಡಿದ್ದೆ. ಇಂಜೆಕ್ಷನ್ ಬಾಟಲಿ ನನ್ನ ಪಕ್ಕದ ಟ್ರೇಯಲ್ಲೇ ಇತ್ತು. ನಾನು ಮಾತಾಡಲಿಲ್ಲ. ಅವಳೂ ಕೂಗಲಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಈಥರ್ ಬಂದದ್ದು 1846ರಲ್ಲಿ, ಕ್ಲೋರೋಫಾರ್ಮ್ 1847ರಲ್ಲಿ. ನೋವಿಲ್ಲದೆ ಹೊಲಿಯುವ ವಿದ್ಯೆ ಬಂದು ನೂರಮೂವತ್ತು ವರ್ಷ ಕಳೆದ ಮೇಲೂ ನಾವು ಒಬ್ಬರನ್ನು ಆರಿಸಿ ಅದರಿಂದ ಹೊರಗಿಟ್ಟೆವು. ಇದು ಆ ಒಂದು ಆಸ್ಪತ್ರೆಯ ತಪ್ಪು ಮಾತ್ರವಲ್ಲ. 2004ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ, ತಮ್ಮನ್ನು ತಾವು ಗಾಯಗೊಳಿಸಿಕೊಂಡವರಿಗೆ ಹೊಲಿಗೆಯ ಉದ್ದಕ್ಕೂ ಸಾಕಷ್ಟು ನೋವುನಿವಾರಣೆ ಕೊಡಬೇಕು ಎಂದು ಬಿಡಿಸಿ ಬರೆಯಬೇಕಾಯಿತು. ಎಲ್ಲ ಕಡೆ ಕೊಡುತ್ತಿದ್ದರೆ ಅದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಶಿಕ್ಷೆಯ ಭಾವ ಚಿಕಿತ್ಸೆಯೊಳಗೆ ಸೇರಿಕೊಂಡದ್ದಕ್ಕೆ ಕಾನೂನೂ ಒಂದು ಕಾರಣ. 1860ರ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿ ಬದುಕಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಕೊಡಬಹುದಿತ್ತು. 1994ರಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ಅನ್ನು ರದ್ದು ಮಾಡಿತು, 1996ರಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನು ಮತ್ತೆ ಎತ್ತಿ ಹಿಡಿಯಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 115ನೇ ಕಲಂ, ಬೇರೆ ರೀತಿ ಸಾಬೀತಾಗದ ಹೊರತು ಅಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಹೊಣೆ ಎಂದು ಹೇಳಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಇಲ್ಲ. ಇಷ್ಟಾದರೂ ತಮ್ಮನ ಮಗನಿಗೆ ಗಾಯವಾದ ರಾತ್ರಿ ನಾವು ಮೊದಲು ಓಡಿಹೋದ ಒಂದು ಕಡೆ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸು) ಆಗುವ ಕೇಸು, ಮೊದಲು ಪೊಲೀಸರಿಗೆ ತಿಳಿಸಿ ಬನ್ನಿ ಎಂದು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. ಮೊದಲು ಜೀವ ಉಳಿಸಬೇಕು, ಕಾಗದಪತ್ರ ಆಮೇಲೆ, ಸರ್ಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಇದು ಸಮಾನ ಕರ್ತವ್ಯ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ. ನಾನು ಆ ತೀರ್ಪನ್ನು ಬಾಗಿಲಲ್ಲಿ ನಿಂತು ಹೇಳಿದೆ. ಆಗ ಒಳಗೆ ಬಿಟ್ಟರು. ಹೇಳಲು ಬಾರದವರ ಗತಿ ಏನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಹಿನ್ನೆಲೆಯಲ್ಲೇ ನಾನು ಈ ಸೇವೆಯನ್ನು ತೂಗಿ ನೋಡುತ್ತೇನೆ. ಇಬ್ಬರು ಹಿರಿಯ ಸಿಸ್ಟರ್‌ಗಳೂ ಇಪ್ಪತ್ತು ಭೇಟಿಗಳಲ್ಲಿ ಒಮ್ಮೆಯೂ ಯಾಕೆ ಹೀಗೆ ಮಾಡಿಕೊಂಡಿರಿ ಎಂದು ಕೇಳಲಿಲ್ಲ. ಹಾಗೆಂದು ಅವರು ಮೌನವಾಗಿಯೂ ಇರಲಿಲ್ಲ. ಮೂರನೆಯ ಭೇಟಿಯಲ್ಲಿ, ನನ್ನನ್ನು ಹೊರಗೆ ಹೋಗಲು ಹೇಳಿ, "ಈಗಲೂ ಸಾಯಬೇಕು ಅನ್ನಿಸುತ್ತದೆಯಾ?" ಎಂದು ನೇರವಾಗಿ ಕೇಳಿದರಂತೆ. ಇದನ್ನು ಅವನೇ ಆಮೇಲೆ ನನಗೆ ಹೇಳಿದ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಜನರಲ್ಲಿದೆ, ಆದರೆ ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ನೆಲೆನಿಂತ ತಿಳಿವಳಿಕೆ. ಅವನಿಗೆ ಅದು ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತಂತೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಅಲ್ಲಿಗೆ ಹೋಗೋಣವೇ ಎಂದು ಸಿಸ್ಟರ್ ಕೇಳಿ, ಮೊದಲ ಸಲ ತಾವೇ ಜೊತೆಗೆ ಹೋದರು. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೂ ಮಾತಾಡಬಹುದು ಎಂದು ಬರೆದ ಚೀಟಿಯನ್ನು ಔಷಧಿಯ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಕೊಟ್ಟರು. ಹೊರಗಿನವರಿಗೆ ಕಾಣದು, ಅವನು ಮಾತ್ರೆ ತೆಗೆಯುವಾಗೆಲ್ಲ ಕಾಣುತ್ತದೆ.

ಕುಂದುಗಳನ್ನೂ ಹೇಳುತ್ತೇನೆ. ಕಲಿಯುತ್ತಿರುವ ಹುಡುಗಿ ಒಂದು ದಿನ ಜಗುಲಿಯಲ್ಲಿ, ವ್ಯಾನ್ ಓಡಿಸುವವರ ಎದುರೇ, "ಯಾಕಣ್ಣ ಹೀಗೆ ಮಾಡ್ಕೊಂಡ್ರಿ?" ಎಂದು ಕೇಳಿಬಿಟ್ಟಳು. ಅವನು ಆ ದಿನ ಊಟ ಮಾಡಲಿಲ್ಲ. ನಾನು ಫೋನ್ ಮಾಡಿ ಹೇಳಿದಾಗ ಹಿರಿಯ ಸಿಸ್ಟರ್ ಸಮಜಾಯಿಷಿ ಕೊಡದೆ, ಮರುದಿನ ಹುಡುಗಿಯನ್ನು ಕರೆತಂದು ಕ್ಷಮೆ ಕೇಳಿಸಿದರು, ತಾವೂ ಕೇಳಿದರು. ಇನ್ನೊಂದು ದಿನ ರಸ್ತೆಗೆ ಮರ ಬಿದ್ದು ಬರಲಾಗಲಿಲ್ಲ. ಅದು ಅವರ ತಪ್ಪಲ್ಲ, ಆದರೆ ತಿಳಿಸಲಿಲ್ಲ. ನೆಟ್‌ವರ್ಕ್ ಇಲ್ಲದ ದಿನಗಳಿಗೆ ಅವರಿಗೆ ಬೇರೆ ಏರ್ಪಾಡು ಬೇಕು. ಭೇಟಿಗೆ 400 ರೂಪಾಯಿ, ಸಾಮಗ್ರಿಗೆ ಬೇರೆ. 20 ಭೇಟಿಗಳಿಗೆ ನಮಗೆ ಒಟ್ಟು 11,600 ರೂಪಾಯಿ ಆಯಿತು. ಮೈಸೂರಿಗೆ ಬಾಡಿಗೆ ಕಾರಿನಲ್ಲಿ ಹೋಗಿಬರುವುದಕ್ಕೆ ಹೋಲಿಸಿದರೆ ಇದು ಕಡಿಮೆ, ದಿನಗೂಲಿಯವರಿಗೆ ಇದೂ ಭಾರವೇ. ರಸೀದಿಯಲ್ಲಿ "ಎಡ ಮುಂಗೈ ಗಾಯ" ಎಂದಷ್ಟೇ ಬರೆದಿದ್ದರು, ಹೇಗಾಯಿತೆಂದು ಬರೆದಿರಲಿಲ್ಲ.

ಗಾಯ ಮಾಗಿ, ಸ್ಪ್ಲಿಂಟ್ ತೆಗೆದು, ಹಣ ಕೊಟ್ಟು ಮುಗಿಸಿದ ಮೇಲೆ ಈ ಸೇವೆಯ ಅತ್ಯುತ್ತಮ ಭಾಗ ಶುರುವಾಯಿತು. ಒಂದು ವಾರಕ್ಕೆ ಸಿಸ್ಟರ್ ಅವನ ಫೋನಿಗೇ ಕರೆ ಮಾಡಿದರು. ಎರಡನೆಯ ವಾರ ಮತ್ತೆ, ಆಮೇಲೆ ನಾಲ್ಕನೆಯ, ಏಳನೆಯ, ಹನ್ನೊಂದನೆಯ ವಾರ. ನನಗೆ ಲೆಕ್ಕ ಪರಿಚಿತವೆನಿಸಿ ಕೇಳಿದೆ. ಊಹೆ ಸರಿಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಚೆನ್ನೈ ಸೇರಿದಂತೆ ಐದು ಊರುಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ವೇಳಾಪಟ್ಟಿ ಅದು. ಆತ್ಮಹತ್ಯೆಗೆ ಯತ್ನಿಸಿ ತುರ್ತು ಚಿಕಿತ್ಸೆಗೆ ಬಂದ 1,867 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮಾಮೂಲು ಚಿಕಿತ್ಸೆಯ ಜೊತೆಗೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ ಕೊಡಲಾಯಿತು. 18 ತಿಂಗಳ ಕೊನೆಗೆ ಆತ್ಮಹತ್ಯೆಯಿಂದ ತೀರಿಕೊಂಡವರು ಆ ಗುಂಪಿನಲ್ಲಿ ಶೇ 0.2, ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 2.2. ಅದಕ್ಕೂ ಮೊದಲು ಸ್ಯಾನ್‌ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟ್ಟೋ, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷ ಚಿಕ್ಕ ಪತ್ರಗಳನ್ನು ಬರೆಸಿದ್ದರು. ಹೇಗಿದ್ದೀರಿ, ನಿಮ್ಮ ನೆನಪಾಯಿತು ಎಂಬಷ್ಟೇ ಧಾಟಿ, ಏನನ್ನೂ ಬೇಡದ ಪತ್ರಗಳು. ಮೊದಲ ಎರಡು ವರ್ಷ ಪತ್ರ ಪಡೆದವರಲ್ಲಿ ಸಾವು ಕಡಿಮೆಯಾಗಿತ್ತು. ಕೊಡಗಿನ ಒಂದು ಸಣ್ಣ ಡ್ರೆಸ್ಸಿಂಗ್ ಸೇವೆ ಇದನ್ನು ಓದಿ, ಯಾರೂ ಕೇಳದೆ, ಹಣ ಪಡೆಯದೆ ಪಾಲಿಸುತ್ತಿದೆ ಎಂಬುದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಗೋಣಿಕೊಪ್ಪಲು, ಪೊನ್ನಂಪೇಟೆ ಸುತ್ತಿನವರು ನನ್ನನ್ನು ಖಾಸಗಿಯಾಗಿ ಕೇಳಿದರೆ ಅವರ ಫೋನ್ ನಂಬರ್ ಕೊಡುತ್ತೇನೆ. ಮಳೆಗಾಲದಲ್ಲಿ ಸಂಜೆ ಐದರ ನಂತರ ಅವರು ದೂರದ ಮನೆಗಳಿಗೆ ಬರುವುದಿಲ್ಲ. ಕೈಯ ಗಾಯವಾಗಿದ್ದರೆ ಫಿಸಿಯೋಥೆರಪಿಗೆ ಬೇರೆ ಏರ್ಪಾಡು ಮಾಡಿಕೊಂಡೇ ಅವರನ್ನು ಕರೆಯಿರಿ.

ಆರನೆಯ ತಿಂಗಳ ಕರೆ ಬಂದದ್ದು ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾಗಿದ್ದ ವಾರದಲ್ಲಿ. ಅವನು ಕಣದ ಅಂಚಿನಲ್ಲಿ ನಿಂತು ಮಾತಾಡುತ್ತಿದ್ದ, ನಾನು ಜಗುಲಿಯಲ್ಲಿದ್ದೆ. ಅಂಗಿಯ ಗುಂಡಿ ಎಡಗೈಯಲ್ಲಿ ಹಾಕಲು ಬರುತ್ತದೆಯೇ ಎಂದು ಸಿಸ್ಟರ್ ಕೇಳಿರಬೇಕು. ಅವನು ಫೋನನ್ನು ಭುಜಕ್ಕೆ ಒತ್ತಿಕೊಂಡು, ಮೇಲಿನ ಗುಂಡಿ ಬಿಚ್ಚಿ, ಎಡಗೈಯಿಂದಲೇ ಮತ್ತೆ ಹಾಕಿಕೊಳ್ಳಲು ನೋಡಿದ. ಮೂರನೆಯ ಸಲಕ್ಕೆ ಆಯಿತು. "ಆಯ್ತು ಸಿಸ್ಟರ್, ಸ್ವಲ್ಪ ಹೊತ್ತು ಹಿಡೀತು" ಎಂದ. ಇನ್ನೆರಡು ಕರೆಗಳು ಬಾಕಿ ಇವೆ, ಮುಂದಿನದು ಆಗಸ್ಟ್ ಕೊನೆಯಲ್ಲಿ.